ಮಟಕಿಯ ಗುರುಬಾಯಿ ಸಿಟ್ಟಿನವರೆಂದು ನಾನು ಬರೆದದ್ದು

2012ರ ಜುಲೈ ತಿಂಗಳ ಮೊದಲ ಭಾನುವಾರ, ನಾನು ಕೆಲಸ ಮಾಡುತ್ತಿದ್ದ ಇಂಗ್ಲಿಷ್ ದಿನಪತ್ರಿಕೆಯ ಜಿಲ್ಲಾ ಪುಟದಲ್ಲಿ ಆಳಂದ ತಾಲ್ಲೂಕಿನ ಮಟಕಿಯ ಗುರುಬಾಯಿ ಎಂಬ ಅಡುಗೆಯವರ ಬಗ್ಗೆ ಒಂದು ಸಣ್ಣ ಲೇಖನ ಅಚ್ಚಾಯಿತು. ಅವರು ಹುಗ್ಗಿಗೆ ಎಷ್ಟು ಹೆಸರಾಗಿದ್ದಾರೋ ಸಿಟ್ಟಿಗೂ ಅಷ್ಟೇ ಹೆಸರಾಗಿದ್ದಾರೆ, ಅದೂ ಬಹಳ ವರ್ಷಗಳಿಂದ, ಎಂದು ಅದರಲ್ಲಿತ್ತು. ಬರೆದವನು ನಾನು. ವಾಕ್ಯದ ಇಂಗ್ಲಿಷ್ ಸರಿಯಾಗಿತ್ತು. ಸುದ್ದಿ ತಪ್ಪಾಗಿತ್ತು.

ನಿವೃತ್ತನಾಗಿ ನಾಲ್ಕು ವರ್ಷವಾಯಿತು. ಹೊಸದಾಗಿ ಪತ್ರಿಕೆಗೆ ಸೇರುವವರು ಮನೆಗೆ ಬಂದಾಗ ಚುನಾವಣೆ, ಪ್ರವಾಹ, ಮಂತ್ರಿಗಳ ಬಗ್ಗೆ ಕೇಳುತ್ತಾರೆ. ಅವೆಲ್ಲ ಬಂದುಹೋಗುವ ಸುದ್ದಿಗಳು. ಯಾರು ಬರೆದರೂ ಹೆಚ್ಚುಕಡಿಮೆ ಒಂದೇ ಥರ ಬರುತ್ತವೆ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳಲ್ಲಿ ನನಗೆ ನಿಜವಾಗಿ ಕಷ್ಟ ಕೊಟ್ಟದ್ದು ಬೇರೆ ಕೆಲಸ. ಒಬ್ಬ ಮನುಷ್ಯ ಎಂಥವನು, ಅವನಿಗೆ ಏನು ಸೇರುತ್ತದೆ, ಊರು ಅವನನ್ನು ಏನೆಂದು ಕರೆಯುತ್ತದೆ ಎಂಬುದನ್ನು ಎರಡು ಸಾಲಿನಲ್ಲಿ ಇಂಗ್ಲಿಷಿಗೆ ಇಳಿಸುವುದು. ನಿನ್ನೆ ನಡೆದದ್ದನ್ನು ಹೇಳಲು ಒಂದು ಕ್ರಿಯಾಪದ ಸಾಕು. ಎಂದಿನಿಂದಲೋ ಇದ್ದು ಇವತ್ತು ಬೆಳಿಗ್ಗೆಯೂ ಇರುವಂಥದ್ದನ್ನು ಹೇಳಲು ಇಂಗ್ಲಿಷಿನವರು ಬೇರೆ ಏರ್ಪಾಟು ಮಾಡಿಕೊಂಡಿದ್ದಾರೆ. ಹ್ಯಾಸ್ ಬೀನ್, ಹ್ಯಾವ್ ಆಲ್ವೇಸ್, ಹ್ಯಾಸ್ ಲಾಂಗ್ ಬೀನ್ ನೋನ್. ಈ ಏರ್ಪಾಟಿನ ಜೊತೆ ನಾನು ಮೂವತ್ತು ವರ್ಷ ಬಾಳಿದೆ.

ನಾನು ಮಾದನಹಿಪ್ಪರಗಾದವನು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷ್ ಮಾಸ್ತರರು ಈ ಕಾಲರೂಪವನ್ನು ಕಲಿಸಿದ್ದು ಎರಡೇ ಉದಾಹರಣೆಯಲ್ಲಿ: ಮಳೆ ಮುಂಜಾನೆಯಿಂದ ಬರುತ್ತಿದೆ, ನಾನು ಪತ್ರ ಬರೆದು ಮುಗಿಸಿದ್ದೇನೆ. ನಮ್ಮೂರಲ್ಲಿ ಮಳೆ ಮುಂಜಾನೆಯಿಂದ ಬಂದದ್ದು ಕಡಿಮೆ. ಪತ್ರ ಬರೆಯುವವರೂ ಕಡಿಮೆ. ಹಾಗಾಗಿ ಪತ್ರಿಕೆಗೆ ಸೇರಿದಾಗ ನನಗೆ ಅದರ ರೂಪ ಗೊತ್ತಿತ್ತು, ಉಪಯೋಗ ಗೊತ್ತಿರಲಿಲ್ಲ.

ಆಗ ಸುದ್ದಿಯನ್ನು ಕೈಯಲ್ಲಿ ಬರೆದು, ಲಕೋಟೆಯಲ್ಲಿ ಹಾಕಿ, ಆಳಂದದಿಂದ ಹೊರಡುವ ಮಧ್ಯಾಹ್ನದ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಿದ್ದೆವು. ಕಲಬುರಗಿ ನಿಲ್ದಾಣದಲ್ಲಿ ಕಚೇರಿಯವರು ಇಳಿಸಿಕೊಳ್ಳುತ್ತಿದ್ದರು. ಮೊದಲ ತಿಂಗಳಲ್ಲೇ ನನ್ನದೊಂದು ಲಕೋಟೆ ಅದೇ ಬಸ್ಸಿನಲ್ಲಿ ವಾಪಸು ಬಂತು. ಹಾಳೆಯ ಮೇಲೆ ಕೆಂಪು ಪೆನ್ಸಿಲ್ಲಿನ ಗೆರೆ. ಜೇವರ್ಗಿಯ ಒಬ್ಬ ವೈದ್ಯರ ಬಗ್ಗೆ, ಅವರು ಬಾಲ್ಯದಿಂದ ಜೋಳದ ರೊಟ್ಟಿಯನ್ನು ಮೆಚ್ಚುತ್ತಲೇ ಇದ್ದಾರೆ ಎಂಬ ಅರ್ಥ ಬರುವಂತೆ ಹ್ಯಾಸ್ ಬೀನ್ ಲೈಕಿಂಗ್ ಎಂದು ಬರೆದಿದ್ದೆ.

ಮರುದಿನ ಕಲಬುರಗಿಗೆ ಹೋದೆ. ನಮ್ಮ ಜಿಲ್ಲಾ ಪುಟದ ಮುಖ್ಯಸ್ಥರು ಕುಲಕರ್ಣಿ ಸರ್. ತೆಳ್ಳಗಿನ ಆಳು, ಮೇಜಿನ ಮೇಲೆ ಎರಡು ನಿಘಂಟು, ಒಂದು ಹಿತ್ತಾಳೆ ಲೋಟ.

"ಏನಪಾ, ಈ ಡಾಕ್ಟರ್ ಏನ ಮಾಡಾಕತ್ತಾನ?"

"ರೊಟ್ಟಿ ಅಂದ್ರ ಅವರಿಗೆ ಸೇರ್ತದ್ರಿ ಸರ್, ಸಣ್ಣಾಂವ ಇದ್ದಾಗಿನಿಂದ."

"ರೊಟ್ಟಿ ತಿನ್ನಾಕತ್ತಾನ ಅಂದ್ರ ತಿಳೀತದ. ಮೆಚ್ಚಾಕತ್ತಾನ ಅಂದ್ರ ಏನೋ? ತಾಟಿನ ಮುಂದ ಕುಂತು ತಾಸುಗಟ್ಟಲೆ ಮೆಚ್ಚತಾನೇನು? ಪೇಷಂಟ್ ಹೊರಗ ಕಾಯಾಕತ್ತಿರ್ತಾವ."

ಪಕ್ಕದ ಮೇಜಿನವರು ನಕ್ಕರು. ಕುಲಕರ್ಣಿ ಸರ್ ನಗಲಿಲ್ಲ. ಇಷ್ಟ ಎನ್ನುವುದು ಕೆಲಸವಲ್ಲ, ಇರುವ ಸಂಗತಿ. ಇಂಗ್ಲಿಷಿನವರು ಅದನ್ನು ನಡೆಯುತ್ತಿರುವಂತೆ ತೋರಿಸುವುದಿಲ್ಲ, ಇದ್ದುಕೊಂಡು ಬಂದಿದೆ ಎಂದಷ್ಟೇ ಹೇಳುತ್ತಾರೆ ಎಂದು ವಿವರಿಸಿ, ಹ್ಯಾಸ್ ಆಲ್ವೇಸ್ ಲೈಕ್ಡ್ ಎಂದು ತಿದ್ದಿದರು. ಆಮೇಲೆ ಒಂದು ಮಾತು ಹೇಳಿದರು. "ನಿಮ್ಮ ಮನ್ಯಾಗ ಅವ್ವ ಏನಂತಾಳ? ಅಂವ ಬಂದಾನ, ಊಟ ಮಾಡ್ಯಾನ, ಮಕ್ಕೊಂಡಾನ ಅಂತಾಳ ಇಲ್ಲೋ? ಬಂದಾಂವ ಇನ್ನೂ ಮನ್ಯಾಗ ಅದಾನ ಅಂತ ಅದರಾಗs ತಿಳೀತದ. ನಿನಗ ಈ ಇಂಗ್ಲಿಷ್ ಹುಟ್ಟಿದಾಗಿನಿಂದ ಬರ್ತದ. ಸಾಲಿಯೊಳಗ ಹಾಳ ಮಾಡ್ಯಾರ."

ಅಂದಿನಿಂದ ಇಂಗ್ಲಿಷಿನ ಯಾವುದೇ ಹ್ಯಾಸ್ ಬರೆಯುವ ಮೊದಲು ಅದನ್ನು ನಮ್ಮ ಮನೆಯ ಮಾತಿನಲ್ಲಿ ಹೇಳಿ ನೋಡುತ್ತಿದ್ದೆ. ಹೆಸರಾಗ್ಯಾನ ಎಂದರೆ ಹೆಸರು ಇನ್ನೂ ಇದೆ. ಹೆಸರಾಗಿದ್ದ ಎಂದರೆ ಹೋಗಿದೆ. ಮೂರು ತಾಲ್ಲೂಕಿನ ಮಾತು ನನಗೆ ಯಾವ ವ್ಯಾಕರಣ ಪುಸ್ತಕಕ್ಕಿಂತ ಹೆಚ್ಚು ಕೆಲಸಕ್ಕೆ ಬಂತು.

ಆದರೆ ರೂಪ ಸರಿಯಾದ ಮೇಲೆ ಶುರುವಾದದ್ದು ಬೇರೆ ತೊಂದರೆ. ಸರಿಯಾದ ರೂಪದಲ್ಲಿ ಬರೆದದ್ದು ಓದುವವರಿಗೆ ನಿಜದಂತೆ ಕಾಣುತ್ತದೆ, ಬರೆದವನಿಗೂ ಕಾಣುತ್ತದೆ.

ಅಫಜಲಪುರ ತಾಲ್ಲೂಕಿನ ಹವಳಗಾದಲ್ಲಿ ಸಕ್ಕರೆ ಕಾರ್ಖಾನೆ ಇದೆ. ಅಲ್ಲಿಯ ಜನರ ಊಟ ತಿಂಡಿಯ ಬಗ್ಗೆ ಬರೆಯುವಾಗ, ಹವಳಗಾದ ಮಂದಿ ಹಿಂದಿನಿಂದಲೂ ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕಿಕೊಳ್ಳುತ್ತಾ ಬಂದಿದ್ದಾರೆ ಎಂದು ಸೇರಿಸಿದೆ. ಯಾರೂ ಹೇಳಿರಲಿಲ್ಲ. ಸಕ್ಕರೆಯ ಊರಿನವರು ಇನ್ನೇನು ಕುಡಿದಾರು ಎಂದುಕೊಂಡೆ.

ಕುಲಕರ್ಣಿ ಸರ್ ಫೋನಿನಲ್ಲಿ ಕೇಳಿದರು, "ಅಲ್ಲಿ ಎಷ್ಟ ಕಪ್ ಚಹಾ ಕುಡದಿ?"

"ಟೈಮ್ ಸಿಗಲಿಲ್ರಿ ಸರ್."

"ಹಂಗಾರ ನಾಳೆ ಹೋಗಿ ಕುಡದ ಬಾ."

ಹೋದೆ. ಮೂರು ಹೋಟೆಲಿನಲ್ಲಿ ಕುಡಿದೆ. ಮೂರೂ ಕಡೆ ಚಹಾ ಸಪ್ಪೆಗೆ ಹತ್ತಿರ. ಕೊನೆಯ ಹೋಟೆಲಿನವನು ನನ್ನ ಮುಖ ನೋಡಿ ಹೇಳಿದ: "ದಿನಾ ಕಬ್ಬಿನ ಗಾಡಿ ನೋಡಿ ನೋಡಿ ನಾಲಿಗಿ ಬ್ಯಾಸರಾಗ್ಯಾದ್ರಿ. ಸಕ್ರಿ ಬೇಕಂದ್ರ ಬ್ಯಾರೆ ಹಾಕ್ತೇನಿ, ಹೊರಗಿನವರು ಇದ್ದೀರಿ." ವಾಕ್ಯ ತೆಗೆದೆವು.

ಅದೇ ತಾಲ್ಲೂಕಿನ ಒಬ್ಬ ಹಳೆಯ ಪೈಲ್ವಾನರ ಬಗ್ಗೆ ಬರೆದಾಗ ಉಲ್ಟಾ ಆಯಿತು. ಎಪ್ಪತ್ತು ದಾಟಿದವರು, ಗರಡಿಮನೆ ಬಿಟ್ಟು ಬಹಳ ಕಾಲವಾಗಿತ್ತು. ಅವರಿಗೆ ಹಾಲು, ಬಾದಾಮಿ ಎಂದರೆ ಪ್ರಾಣವಾಗಿತ್ತು ಎಂದು ಸರಳ ಭೂತಕಾಲದಲ್ಲಿ, ವಾಸ್ ಎಂದು, ಬರೆದೆ. ಅಚ್ಚಾದ ದಿನ ಅವರ ಮನೆಗೆ ಇಬ್ಬರು ಹಳೆಯ ಶಿಷ್ಯರು ಹೂವಿನ ಹಾರ ಹಿಡಿದು ಬಂದರಂತೆ. ಮರುದಿನ ಪೈಲ್ವಾನರೇ ಮೊಮ್ಮಗನ ಮೋಟಾರ್ ಸೈಕಲ್ ಮೇಲೆ ನನ್ನನ್ನು ಹುಡುಕಿಕೊಂಡು ಬಂದರು.

"ಏನ್ರಿ, ನಾ ಸತ್ತೇನಂತ ಬರದೀರಂತ?"

"ಇಲ್ರಿ ಕಾಕಾ. ಹಾಲು ಕುಡೀತಿದ್ರಿ, ಈಗ ಬಿಟ್ಟೀರಿ ಅಂತ ನೀವs ಹೇಳಿದ್ರೆಲ್ಲ?"

"ಡಾಕ್ಟರ್ ಬ್ಯಾಡ ಅಂದಾನ, ಬಿಟ್ಟೇನಿ. ಕುಡಿಯೂದು ಬಿಟ್ಟೇನ್ರಿ, ಹಾಲಿನ ಮ್ಯಾಲಿನ ಪ್ರೀತಿ ಬಿಟ್ಟಿಲ್ಲ. ಎಮ್ಮಿ ಕಂಡ್ರ ಇನ್ನೂ ನಿಂತು ನೋಡ್ತೇನಿ."

ಇದು ನನಗೆ ಹೊಸ ಪಾಠ. ಒಬ್ಬನ ಅಭ್ಯಾಸ ನಿಂತ ಮಾತ್ರಕ್ಕೆ ರುಚಿ ನಿಲ್ಲುವುದಿಲ್ಲ. ಅಭ್ಯಾಸಕ್ಕೆ ಒಂದು ಕಾಲ, ರುಚಿಗೆ ಇನ್ನೊಂದು ಕಾಲ ಹಾಕಬೇಕಾಗುತ್ತದೆ. ಅವರಿಗೆ ಹಾಲು ಯಾವತ್ತೂ ಪ್ರೀತಿ ಎಂದು, ಹ್ಯಾಸ್ ಹಾಕಿ, ಮುಂದಿನ ವಾರ ತಿದ್ದಿ ಬರೆದೆ. ಆರು ವರ್ಷದ ನಂತರ ಪೈಲ್ವಾನರು ನಿಜವಾಗಿ ತೀರಿಕೊಂಡರು. ಆ ವಾಕ್ಯವನ್ನೇ ತೆಗೆದು ಹ್ಯಾಸ್ ಇದ್ದಲ್ಲಿ ಹ್ಯಾಡ್ ಎಂದು ಮಾಡಿ ಕಳಿಸಿದೆ. ಇಂಗ್ಲಿಷಿನಲ್ಲಿ ಒಂದೇ ಅಕ್ಷರ ಬದಲಾಯಿತು.

ಇನ್ನು ಗುರುಬಾಯಿಯ ವಿಷಯ.

ಒಬ್ಬರಿಗೆ ಇಂಥ ಹೆಸರಿದೆ ಎಂದು ಬರೆಯಲು ಕುಲಕರ್ಣಿ ಸರ್ ಒಂದು ನಿಯಮ ಮಾಡಿದ್ದರು. ಹೆಸರಿಗೆ ಮೂರು ಬಾಯಿ ಬೇಕು. ಮೂರೂ ಬೇರೆ ಬೇರೆ ಮನೆಯವು ಇರಬೇಕು. ಒಬ್ಬ ಹೇಳಿದರೆ ಅದು ಅವನ ಅಭಿಪ್ರಾಯ, ಮೂವರು ಹೇಳಿದರೆ ಅದು ಊರಿನ ಮಾತು. ಈ ನಿಯಮವನ್ನು ನಾನು ಒಮ್ಮೆಯೂ ಮುರಿದವನಲ್ಲ.

ಗುರುಬಾಯಿಗೆ ಆಗ ನಲವತ್ತರ ಹತ್ತಿರ ವಯಸ್ಸು. ಆಳಂದ ಸುತ್ತಲಿನ ಲಗ್ನಗಳಿಗೆ ಅಡುಗೆ ಮಾಡುತ್ತಿದ್ದರು. ಗೋಧಿ ಹುಗ್ಗಿ ಅವರ ಕೈಯಿಂದಲೇ ಆಗಬೇಕು ಎಂದು ಲಗ್ನದ ತಾರೀಖು ಮುಂದೆ ಹಾಕಿದ ಮನೆಗಳಿದ್ದವು. ಭಾನುವಾರದ ಪುಟಕ್ಕೆ ಹೊಂದುವ ವಿಷಯ. ನಾನು ಮಟಕಿಗೆ ಹೋದ ದಿನ ಅವರು ಬೇರೆ ಊರಿನ ಲಗ್ನಕ್ಕೆ ಹೋಗಿದ್ದರು. ಬಸ್ ನಿಲ್ಲುವಲ್ಲಿ ಸಿದ್ದಣ್ಣ ಎಂಬುವವರ ಹೋಟೆಲಿನಲ್ಲಿ ಕುಳಿತು ಕೇಳಿದೆ.

ಸಿದ್ದಣ್ಣ ಹೇಳಿದರು: "ಹುಗ್ಗಿ ಏನ ಕೇಳ್ತೀರಿ, ಅಮೃತ. ಆದ್ರ ಒಲಿ ಹತ್ರ ಹೋಗಬ್ಯಾಡ್ರಿ. ಸೌಟು ಬೀಸಿ ಒಗೀತಾಳ."

ಚಹಾಪುಡಿ ಒಯ್ಯಲು ಬಂದ ಶರಣಮ್ಮ ಎಂಬ ಹೆಣ್ಣುಮಗಳನ್ನು ಕೇಳಿದೆ. "ಯವ್ವಾ, ಆಕಿ ಸಿಟ್ಟ? ಒಲ್ಯಾಗಿನ ಬೆಂಕಿ ಆರಿದ್ರ ಆಕಿ ಮಾರಿ ತೋರಿಸಿದ್ರ ಸಾಕು, ಹತ್ತತದ."

ಸೈಕಲ್ ನಿಲ್ಲಿಸಿ ಬೀಡಿ ಹಚ್ಚಿಕೊಳ್ಳುತ್ತಿದ್ದ ಬಸಣ್ಣ ಎಂಬುವವರು, ಕೇಳದೆಯೇ ದನಿಗೂಡಿಸಿದರು. "ಹುಲಿ ಅದಾಳ್ರಿ. ಊರ ನಾಯಿ ಸೈತ ಆಕಿ ಓಣಿ ಬಿಟ್ಟು ಸುತ್ತು ಹಾಕಿ ಹೋಗ್ತಾವ."

ಮೂರು ಬಾಯಿ, ಮೂರು ಮನೆ. ಟಿಪ್ಪಣಿ ಪುಸ್ತಕದಲ್ಲಿ ಮೂರು ಗೆರೆ ಎಳೆದೆ. ಹ್ಯಾಸ್ ಲಾಂಗ್ ಬೀನ್ ನೋನ್ ಎಂದು ಬರೆದೆ. ಓದುವವರಿಗೆ ನಗು ಬರಲಿ ಎಂಬುದು ಉದ್ದೇಶ.

ಮಂಗಳವಾರ ಮುಂಜಾನೆ ಆಳಂದದ ನಮ್ಮ ಮನೆಯ ಬಾಗಿಲಲ್ಲಿ ಗುರುಬಾಯಿ ನಿಂತಿದ್ದರು. ಕೈಯಲ್ಲಿ ಪತ್ರಿಕೆಯ ತುಣುಕು. ಒಳಗೆ ಕರೆದೆ. ಕುಳಿತರು.

"ಇದು ನೀವs ಬರದದ್ದೇನ್ರಿ?"

"ಹೌದ್ರಿ."

"ಕನ್ನಡದಾಗ ಓದಿ ಹೇಳ್ರಿ."

ಹೇಳಿದೆ.

"ಇನ್ನೊಮ್ಮಿ."

ಇನ್ನೊಮ್ಮೆ ಹೇಳಿದೆ. ನನ್ನ ಹೆಂಡತಿ ಚಹಾ ತಂದಿಟ್ಟಳು. ಗುರುಬಾಯಿ ಒಂದು ಗುಟುಕು ಕುಡಿದು, "ಚಹಾ ಛಲೋ ಆಗ್ಯಾದ ಅಕ್ಕಾ" ಎಂದು ಅವಳಿಗೆ ಹೇಳಿ, ನನ್ನ ಕಡೆ ತಿರುಗಿದರು.

"ನಾ ಸಿಟ್ಟಾಗಿದ್ದು ನೀವು ಯಾವಾಗ ನೋಡೀರಿ?"

"ನಾ ನೋಡಿಲ್ರಿ."

"ಈಗ ನೋಡ್ರಿ. ಈಗ ಆಗೇನಿ. ತಾರೀಖ ಹಾಕಿ ಬರಕೋರಿ."

ಹೆಂಡತಿ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ನಾನು ಏನೂ ಬರೆದುಕೊಳ್ಳಲಿಲ್ಲ. ಗುರುಬಾಯಿ ದನಿ ಏರಿಸದೆ ವಿಷಯ ಹೇಳಿದರು. ಜೇವರ್ಗಿ ತಾಲ್ಲೂಕಿನ ಒಂದು ಹೆಣ್ಣುಮಕ್ಕಳ ವಸತಿ ಶಾಲೆಗೆ ಮುಖ್ಯ ಅಡುಗೆಯವರು ಬೇಕಾಗಿದ್ದರು. ಅವರ ಮಗಳು ಅದೇ ಶಾಲೆಯಲ್ಲಿ ಆರನೆಯ ತರಗತಿ. ಲಗ್ನದ ಅಡುಗೆ ಎಂದರೆ ಊರೂರು ತಿರುಗಾಟ. ಮಗಳನ್ನು ನೋಡಲು ಎರಡು ತಿಂಗಳಿಗೊಮ್ಮೆ ಹೋಗುತ್ತಿದ್ದರು. ಕೆಲಸ ಸಿಕ್ಕರೆ ಶಾಲೆಯ ಆವರಣದಲ್ಲೇ ಒಂದು ಕೋಣೆ, ದಿನಾ ಮಗಳ ತಾಟಿಗೆ ತಾವೇ ಬಡಿಸುವುದು. ಸಮಿತಿಯವರು ಬಾಯಿಮಾತಿನಲ್ಲಿ ಒಪ್ಪಿದ್ದರು. ಸೋಮವಾರ ಸಮಿತಿಯ ಅಧ್ಯಕ್ಷರು ನಮ್ಮ ಪತ್ರಿಕೆಯ ತುಣುಕನ್ನು ಮೇಜಿನ ಮೇಲೆ ಇಟ್ಟು, ಸಣ್ಣ ಹೆಣ್ಣುಮಕ್ಕಳಿರುವ ಕಡೆ ಇಂಥವರು ಬೇಡ ಎಂದಿದ್ದರು.

"ಇದನ್ನ ಯಾರ ಹೇಳಿದ್ರು ನಿಮಗ?"

"ಹೆಸರು ಹೇಳಾಂಗಿಲ್ರಿ. ನಮ್ಮ ಕೆಲಸದಾಗ ಅದು ನಿಯಮ."

"ಬ್ಯಾಡ ಬಿಡ್ರಿ. ನಾನs ಹೇಳ್ತೇನಿ. ಹೋಟೆಲ್ ಸಿದ್ದಣ್ಣ. ನಮ್ಮ ಸೋದರಮಾವನ ಮಗ. ಶರಣಮ್ಮ. ನಮ್ಮ ನಾದನಿ. ಇನ್ನೊಬ್ಬ ಸೈಕಲ್ ಮ್ಯಾಲ ಬಂದಿದ್ನೇನು? ಬಸಣ್ಣ. ಮೈದುನ."

ನಾನು ಸುಮ್ಮನಿದ್ದೆ.

"ಸುಮ್ಮ ಕುಂತೀರಿ ಅಂದ್ರ ಹೌದು ಅಂದಂಗ ಆತು," ಎಂದು ಚಹಾ ಮುಗಿಸಿದರು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನ ಓದುಗರಿಗಾಗಿ ಹೇಳುತ್ತೇನೆ. ಅಣ್ಣನ ಹೆಂಡತಿಯನ್ನು, ಅಂದರೆ ವೈನಿಯನ್ನು, ಮೈದುನ, ನಾದಿನಿ ಚೇಷ್ಟೆ ಮಾಡಬೇಕು. ಸೋದರಮಾವನ ಮಕ್ಕಳೂ ಮಾಡಬೇಕು. ಅದು ಹಕ್ಕು, ಹಕ್ಕಿಗಿಂತ ಹೆಚ್ಚು, ಕರ್ತವ್ಯ. ವೈನಿ ಮೆತ್ತಗಿದ್ದರೆ ಹುಲಿ ಎನ್ನಬೇಕು, ಅಡುಗೆ ಚೆನ್ನಾಗಿದ್ದರೆ ಉಪ್ಪು ಹೆಚ್ಚಾಗಿದೆ ಎನ್ನಬೇಕು. ವೈನಿಯನ್ನು ಎದುರಿಗೆ ಹೊಗಳಿದ ಮೈದುನನಿಗೆ ಏನೋ ಬೇಕಾಗಿದೆ ಎಂದೇ ಅರ್ಥ. ನಾನೂ ಹೀಗೇ ಬೆಳೆದವನು. ನಮ್ಮ ದೊಡ್ಡ ವೈನಿ ಕಿವುಡಿ ಎಂದು ಅವರ ತವರಿನವರ ಮುಂದೆ ಇಪ್ಪತ್ತು ವರ್ಷ ಹೇಳಿಕೊಂಡು ಬಂದಿದ್ದೇನೆ. ಅವರಿಗೆ ಪಕ್ಕದ ಮನೆಯ ಪಿಸುಮಾತು ಕೇಳಿಸುತ್ತದೆ. ಮನೆಯಲ್ಲಿ ಗೊತ್ತಿದ್ದದ್ದು ಕೈಯಲ್ಲಿ ಟಿಪ್ಪಣಿ ಪುಸ್ತಕ ಬಂದಾಗ ಗೊತ್ತಾಗಲಿಲ್ಲ. ಮೂರು ಮನೆ ಎಣಿಸಿದೆ. ಆ ಮೂರು ಮನೆಯವರು ಅವರಿಗೆ ಏನಾಗಬೇಕು ಎಂದು ಕೇಳಲಿಲ್ಲ.

ಕುಲಕರ್ಣಿ ಸರ್‌ಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ತಿದ್ದುಪಡಿ ಹಾಕೋಣ. ಏನಂತ ಹಾಕ್ತಿ?"

"ಅವರಿಗೆ ಸಿಟ್ಟಿಲ್ಲ ಅಂತ್ರಿ ಸರ್."

"ಅದು ನಿನಗ ಯಾರ ಹೇಳಿದ್ರು? ಆಕಿನs ಹೇಳ್ಯಾಳ. ಮೊದಲನೇ ಸಲ ಕೇಳಿ ಬರದಿ. ಎರಡನೇ ಸಲಾನೂ ಕೇಳಿ ಬರೀತಿ?"

ಟಿಪ್ಪಣಿ ಪುಸ್ತಕ ತೆಗೆದೆ.

"ಕೇಳಿದ್ದು ಬ್ಯಾಡ, ಕಂಡದ್ದು ತೊಗೊಂಡ ಬಾ. ಯಾವಾಗ, ಎಲ್ಲಿ, ಯಾರ ಮ್ಯಾಲ. ಎರಡು ದಿನ ಟೈಮ್."

ಮಟಕಿಗೆ ಹೋದೆ. ಸಿದ್ದಣ್ಣನ ಹೋಟೆಲಿನಲ್ಲೇ ಮೂವರನ್ನೂ ಕೂಡಿಸಿದೆ. ಸೌಟು ಒಗೆದದ್ದನ್ನು ಯಾರು ಕಂಡಿದ್ದೀರಿ ಎಂದು ಕೇಳಿದೆ.

"ಒಗದಾಳಂದ್ರ ಒಗದಾಳ್ರಿ," ಎಂದರು ಸಿದ್ದಣ್ಣ.

"ಎಷ್ಟ ಸಲ?"

"ಅದ... ಒಮ್ಮೆ."

"ಯಾವಾಗ?"

"ಈ ಬಸಣ್ಣನ ಲಗ್ನದಾಗ. ಹದಿನೈದು ವರ್ಷ ಆಗಿರಬೇಕು."

"ಯಾರ ಮ್ಯಾಲ?"

ಶರಣಮ್ಮ ನಗು ತಡೆದುಕೊಂಡು ಹೇಳಿದರು: "ಯಾರ ಮ್ಯಾಲೂ ಅಲ್ರಿ. ನಾಯಿ ಬಂದು ಹುಗ್ಗಿ ಕೊಪ್ಪರಿಗಿಗೆ ಮೂತಿ ಹಾಕಾಕತ್ತಿತ್ತು. ನಾಯಿಗೆ ಒಗದ್ಳು."

"ನಾಯಿಗೆ ಬಡೀತೇನು?"

"ಇಲ್ರಿ," ಎಂದರು ಬಸಣ್ಣ, ಮೊಣಕಾಲು ಮುಟ್ಟಿಕೊಂಡು. "ನನಗ ಬಡೀತು. ಬಾಸಿಂಗ ಕಟಗೊಂಡು ಕುಂತಿದ್ದೆ. ಅಕ್ಕಿಕಾಳು ಬೀಳೂ ಹೊತ್ತಿಗೆ ಸೌಟು ಬಿತ್ತು."

ಹೋಟೆಲಿನಲ್ಲಿದ್ದ ಅಷ್ಟೂ ಜನ ನಕ್ಕರು. ಹದಿನೈದು ವರ್ಷದಿಂದ ಇದೇ ಕಥೆಗೆ ನಗುತ್ತಾ ಬಂದವರು. ಒಂದು ಮಧ್ಯಾಹ್ನದ ಒಂದು ಸೌಟು, ದಿನವೂ ಹೇಳಿಸಿಕೊಂಡು, ಒಬ್ಬರ ಸ್ವಭಾವವಾಗಿ ಬೆಳೆದಿತ್ತು. ಊರೊಳಗೆ ಅದು ನಗೆಯಾಗಿಯೇ ಇತ್ತು. ಊರು ದಾಟಿಸಿದವನು ನಾನು.

ಆಮೇಲೆ ಶಾಲೆಯ ಕೆಲಸದ ವಿಷಯ ಹೇಳಿದೆ. ಬಸಣ್ಣ ಕೈಯಲ್ಲಿದ್ದ ಬೀಡಿಯನ್ನು ಕಿವಿಯ ಮೇಲೆ ಇಟ್ಟುಕೊಂಡರು. ಶರಣಮ್ಮ ನನ್ನ ಪುಸ್ತಕವನ್ನು ಬೆರಳಿನಿಂದ ತಟ್ಟಿದರು.

"ಬರಕೋರಿ. ನಮ್ಮ ವೈನಿ ದೇವರಂಥಾಕಿ. ಇರುವಿ ತುಳದಾಕಿ ಅಲ್ಲ. ಹೀಂಗ ಬರೀರಿ ನಿಮ್ಮ ಇಂಗ್ಲಿಷ್‌ನಾಗ."

ಅದನ್ನೂ ಬರೆದುಕೊಳ್ಳಲಿಲ್ಲ. ಬೈಗುಳಕ್ಕೆ ಸಾಕ್ಷಿಯಾಗದವರು ಹೊಗಳಿಕೆಗೂ ಸಾಕ್ಷಿಯಾಗಲಾರರು. ಹಾಗೆಂದು ಅವರಿಗೆ ಹೇಳಿದಾಗ, "ಅಲ್ರಿ, ಸುಳ್ಳ ಹೇಳಿದ್ರ ಬರಕೋತೀರಿ, ಖರೇ ಹೇಳಿದ್ರ ಬ್ಯಾಡಂತೀರಿ, ಎಂಥಾ ಪೇಪರ್‌ರಿ ನಿಮ್ದು?" ಎಂದು ಕೇಳಿದರು.

ಮರುದಿನ ಮಾದನಹಿಪ್ಪರಗಾ ಮತ್ತು ಆಳಂದದಲ್ಲಿ ಗುರುಬಾಯಿ ಅಡುಗೆ ಮಾಡಿದ ಮೂರು ಲಗ್ನದ ಮನೆಗಳನ್ನು ಹುಡುಕಿದೆ. ಮೊದಲ ಪ್ರಶ್ನೆ ಈ ಸಲ ಬೇರೆ: ಅವರು ನಿಮಗೆ ಏನಾಗಬೇಕು? ಮೂರೂ ಮನೆಯವರು ಏನೂ ಆಗಬೇಕಾಗಿಲ್ಲ ಎಂದರು. ಎರಡು ಮನೆಯವರು, ಒಲೆಯ ಮುಂದೆ ನಿಂತರೆ ಅವರು ಮಾತೇ ಆಡುವುದಿಲ್ಲ, ಸಿಟ್ಟು ಎಲ್ಲಿಂದ ಬಂತು ಎಂದರು. ಮೂರನೆಯ ಮನೆಯ ಯಜಮಾನ ಸ್ವಲ್ಪ ಯೋಚಿಸಿ ಹೇಳಿದರು: "ಒಮ್ಮೆ ಗದರ್ಯಾರ್ರಿ. ನನಗs ಗದರಿದ್ರು. ಗೋಧಿಯೊಳಗ ಹುಳ ಇದ್ದುವು. ಮಂದಿಗೆ ಇದನ್ನ ಉಣಸ್ತೀರೇನು ಅಂದ್ರು. ಗದರೂದು ಬ್ಯಾಡೇನು?" ಇದನ್ನೂ ಸೇರಿಸಿ ಬರೆದೆ.

ತಿದ್ದುಪಡಿ ಗುರುವಾರ ಐದನೆಯ ಪುಟದ ಕೆಳಗೆ ಬಂತು. ಹಿಂದಿನ ಮಾತನ್ನು ಹೇಳಿದವರು ಚೇಷ್ಟೆಯ ಸಂಬಂಧಿಕರು, ಪತ್ರಿಕೆ ಅದನ್ನು ಪರೀಕ್ಷಿಸಿರಲಿಲ್ಲ, ಅವರಿಂದ ಅಡುಗೆ ಮಾಡಿಸಿದವರು ಕಂಡದ್ದು ಇಷ್ಟು ಎಂದು ಐದಾರು ಸಾಲು. ಚೇಷ್ಟೆಯ ಸಂಬಂಧಿಕರು ಎನ್ನುವುದಕ್ಕೆ ಇಂಗ್ಲಿಷ್ ಮಾತು ಹುಡುಕಲು ಕುಲಕರ್ಣಿ ಸರ್ ಎರಡೂ ನಿಘಂಟು ತೆಗೆದರು. ಸಿಗಲಿಲ್ಲ. ತಮಾಷೆಗೆ ಮಾತಾಡಿದ ಬಂಧುಗಳು ಎಂದು ಹಾಕಿದರು.

ನಾನು ಪತ್ರಿಕೆ ಹಿಡಿದು ಸಮಿತಿಯ ಅಧ್ಯಕ್ಷರನ್ನು ಕಂಡೆ. ನಿವೃತ್ತ ಹೆಡ್ ಮಾಸ್ತರರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕನ್ನಡ ಪತ್ರಿಕೆಯ ಜೊತೆಗೆ ನಮ್ಮದನ್ನೂ ತರಿಸುವವರು. ಎರಡೂ ತುಣುಕುಗಳನ್ನು ಪಕ್ಕಪಕ್ಕ ಇಟ್ಟು ಓದಿದರು.

"ಭಾನುವಾರ ಹೌದು ಅಂತೀರಿ, ಗುರುವಾರ ಅಲ್ಲ ಅಂತೀರಿ. ನಾ ಯಾವ ವಾರ ನಂಬಲಿ?"

ನ್ಯಾಯವಾದ ಪ್ರಶ್ನೆ. ಕೊನೆಗೆ ಅವರೇ ಒಂದು ದಾರಿ ಹೇಳಿದರು. ಶನಿವಾರ ಮಧ್ಯಾಹ್ನ ಗುರುಬಾಯಿ ಶಾಲೆಗೆ ಬಂದು ಅಡುಗೆ ಮಾಡಲಿ, ಸಮಿತಿಯವರು ಉಂಡು ನೋಡುತ್ತಾರೆ, ಅಂದೇ ತೀರ್ಮಾನ. ನಾನೂ ಬರಬಹುದು ಎಂದರು.

ಶನಿವಾರ ಜೋಳದ ರೊಟ್ಟಿ, ಪುಂಡಿಪಲ್ಯ, ಬೇಳೆ, ಅನ್ನ. ಮಕ್ಕಳು ಮೊದಲ ಪಂಕ್ತಿ. ಗುರುಬಾಯಿ ಮಗಳಿಗೂ ಉಳಿದವರಿಗೂ ಒಂದೇ ಅಳತೆಯಲ್ಲಿ ಬಡಿಸಿದರು. ಆಮೇಲೆ ಸಮಿತಿಯ ನಾಲ್ವರು ಕುಳಿತರು. ನಾನು ಎರಡು ಮಾರು ಈಚೆ ಕುಳಿತೆ.

ಹೆಡ್ ಮಾಸ್ತರರು ತಾಟು ನೋಡಿ, "ಪಲ್ಯಕ್ಕ ಉಪ್ಪು ಕಮ್ಮಿ ಅದ," ಎಂದರು.

ಗುರುಬಾಯಿ ಉಪ್ಪಿನ ಬಟ್ಟಲು ತಂದಿಟ್ಟು ಹೋದರು.

"ರೊಟ್ಟಿ ದಪ್ಪ ಆಗ್ಯಾವ."

ತೆಳ್ಳಗಿನ ಎರಡು ರೊಟ್ಟಿ ಹುಡುಕಿ ತಂದು ಹಾಕಿದರು.

"ಬ್ಯಾಳಿ ಆರಿ ಹೋಗ್ಯಾದ."

ಬೇಳೆ ಬಿಸಿ ಮಾಡಿ ತಂದರು. ಬಟ್ಟಲಿನಿಂದ ಹಬೆ ಏಳುತ್ತಿತ್ತು. ಉಳಿದ ಮೂವರು ಸದಸ್ಯರು ತಲೆ ತಗ್ಗಿಸಿ ಉಣ್ಣುತ್ತಿದ್ದರು. ಏನು ನಡೆಯುತ್ತಿದೆ ಎಂಬುದು ಎಲ್ಲರಿಗೂ ತಿಳಿದಿತ್ತು.

"ಪಲ್ಯಕ್ಕ ಇನ್ನೂ ಉಪ್ಪು ಕಮ್ಮಿನs ಅದ," ಎಂದರು ಹೆಡ್ ಮಾಸ್ತರರು.

ಗುರುಬಾಯಿ ಅವರ ತಾಟಿನ ಮುಂದೆ ನಿಂತರು. ಸೌಟು ಕೈಯಲ್ಲಿತ್ತು. ಅಡುಗೆಮನೆಯ ಕಿಟಕಿಯಲ್ಲಿ ಮಕ್ಕಳ ಮುಖಗಳು ಕಂಡವು.

"ಮಾಸ್ತರ, ಒಂದ ಮಾತ ಹೇಳ್ಲೇನ್ರಿ?"

"ಹೇಳವ್ವಾ."

"ನೀವು ಇನ್ನೂ ಒಂದ ತುತ್ತೂ ಬಾಯಾಗ ಹಾಕಿಲ್ರಿ. ರೊಟ್ಟಿ ಮುರದಿಲ್ಲ. ಪಲ್ಯ ಹಾಕಿದಲ್ಲೇ ಅದ. ಮೊದಲು ಉಣ್ರಿ. ಉಂಡ ಮ್ಯಾಲ ಉಪ್ಪು ಕಮ್ಮಿ ಅಂದ್ರ, ಕಮ್ಮಿ ಅಂತ ನಾನೂ ಒಪ್ಪತೇನಿ."

ದನಿ ಏರಲಿಲ್ಲ. ಸೌಟು ಅಲುಗಲಿಲ್ಲ. ಇದು ನಾನು ಕಂಡದ್ದು.

ಹೆಡ್ ಮಾಸ್ತರರು ತಮ್ಮ ತಾಟನ್ನು ಒಮ್ಮೆ ನೋಡಿದರು. ರೊಟ್ಟಿ ಮುರಿದು ಪಲ್ಯ ಹಚ್ಚಿ ಬಾಯಿಗೆ ಹಾಕಿಕೊಂಡರು. ಅಗಿದರು. ಇನ್ನೊಂದು ತುತ್ತು. ಮೂರನೆಯ ತುತ್ತಿನ ಮೇಲೆ ಉಪ್ಪಿನ ಬಟ್ಟಲನ್ನು ದೂರ ಸರಿಸಿದರು.

"ಉಪ್ಪು ಬರೋಬರಿ ಅದ," ಎಂದರು. "ಇನ್ನೊಂದ ರೊಟ್ಟಿ ಹಾಕವ್ವಾ. ದಪ್ಪಂದು ಇದ್ರೂ ನಡೀತದ."

ಸಮಿತಿಯ ಪುಸ್ತಕದಲ್ಲಿ ಅಂದೇ ನಾಲ್ವರ ಸಹಿ ಬಿತ್ತು.

ಹೊಸಬರಿಗೆ ಇನ್ನೊಂದು ಸಂಗತಿ ತಿಳಿದಿರಬೇಕು. ನಮ್ಮ ಕಾಲದಲ್ಲಿ ತಪ್ಪು ವಾಕ್ಯ ಒಂದು ದಿನ ಬಾಳಿ, ಮರುದಿನ ಭಜ್ಜಿ ಕಟ್ಟಿಕೊಂಡು ಹೋಗುತ್ತಿತ್ತು. ಬಸ್ಸಿನ ಲಕೋಟೆ ಹೋಗಿ ಫ್ಯಾಕ್ಸ್ ಬಂತು, ಫ್ಯಾಕ್ಸ್ ಹೋಗಿ ಇಮೇಲ್ ಬಂತು, ಆಮೇಲೆ ಹಳೆಯ ಪುಟಗಳೆಲ್ಲ ನೆಟ್ ಮೇಲೆ ಹೋದವು. ನಾನು ನಿವೃತ್ತನಾಗುವ ಮೊದಲಿನ ವರ್ಷ, ಹೊಸದಾಗಿ ಸೇರಿದ್ದ ಒಬ್ಬ ವರದಿಗಾರ್ತಿ ವಸತಿ ಶಾಲೆಗಳ ಊಟದ ಬಗ್ಗೆ ಒಳ್ಳೆಯ ವರದಿ ಕಳಿಸಿದಳು. ನಡುವೆ ಒಂದು ಸಾಲು: ಇಲ್ಲಿಯ ಮುಖ್ಯ ಅಡುಗೆಯವರು ಬಹಳ ಕಾಲದಿಂದ ಸಿಟ್ಟಿಗೆ ಹೆಸರಾಗಿದ್ದಾರೆ.

"ಇದು ಎಲ್ಲಿಂದ ಬಂತವ್ವಾ?"

"ನೆಟ್‌ನಾಗ ಅದ್ರಿ ಸರ್. ನಮ್ಮ ಪೇಪರ್‌ದೇ ಅದ. ನಿಮ್ಮ ಹೆಸರs ಅದ ಮ್ಯಾಲ."

"ತಿದ್ದುಪಡಿ ನೋಡಿದ್ಯೇನು?"

"ತಿದ್ದುಪಡಿ ಅಂದ್ರ?"

ತಿದ್ದುಪಡಿ ಕಾಗದದ ಮೇಲೆ ಮಾತ್ರ ಬಂದಿತ್ತು. ಮೂಲ ಲೇಖನಕ್ಕೆ ಯಾರೂ ಅಂಟಿಸಿರಲಿಲ್ಲ. ಹೀಗೆ ಏಳೆಂಟು ವರ್ಷ ಅದು ಹ್ಯಾಸ್ ಬೀನ್ ಆಗಿಯೇ ಉಳಿದಿತ್ತು, ನನ್ನದೇ ಹೆಸರಿನ ಕೆಳಗೆ. ಅವಳ ವರದಿಯ ಸಾಲು ಹೊಡೆದೆ. ಬೆಂಗಳೂರು ಕಚೇರಿಗೆ ಮೂರು ಸಲ ಬರೆದ ಮೇಲೆ ಹಳೆಯ ಲೇಖನದ ತಲೆಯ ಮೇಲೆ ತಿದ್ದುಪಡಿ ಕೂತಿತು. ಆ ಹುಡುಗಿ ಈಗ ಇದೇ ಮೂರು ತಾಲ್ಲೂಕು ನೋಡಿಕೊಳ್ಳುತ್ತಾಳೆ. ಯಾರ ಬಗ್ಗೆ ಏನೇ ಕೇಳುವ ಮೊದಲು, ಅವರು ನಿಮಗೆ ಏನಾಗಬೇಕು ಎಂದು ಕೇಳುತ್ತಾಳೆ. ಜನ ಅವಳಿಗೆ ಬೀಗತನ ಹುಡುಕುವ ಪೇಪರಿನವಳು ಎನ್ನುತ್ತಾರೆ ಎಂದು ಕೇಳಿದ್ದೇನೆ. ನಾನು ಪರೀಕ್ಷಿಸಿಲ್ಲ.

ಗುರುಬಾಯಿ ವಸತಿ ಶಾಲೆಯ ಅಡುಗೆಮನೆ ಸೇರಿದ್ದು ಆ ವರ್ಷದ ಆಗಸ್ಟ್ ತಿಂಗಳಲ್ಲಿ. ಮಗಳು ಹತ್ತನೆಯ ತರಗತಿ ಮುಗಿಸುವವರೆಗೆ ಅಲ್ಲೇ ಓದಿದಳು. ಮುಂದೆ ನರ್ಸಿಂಗ್ ಕಲಿತು ಕಲಬುರಗಿಯಲ್ಲಿ ಕೆಲಸಕ್ಕಿದ್ದಾಳೆ. ತಾಯಿ ಶಾಲೆಯಲ್ಲೇ ಉಳಿದರು. ಈ ವರ್ಷ ಬೇಸಿಗೆ ರಜೆ ಮುಗಿದು ಶಾಲೆ ತೆರೆದದ್ದು ಒಂದು ಸೋಮವಾರ. ಬೆಳಗಿನ ತಿಂಡಿ ಮಂಡಕ್ಕಿಯ ಸುಸ್ಲಾ. ಎಂಟೂವರೆಗೆ ಕೊನೆಯ ಪಂಕ್ತಿ ಎದ್ದಿತು. ಮಾಡಿ ಬಡಿಸಿದವರು ಗುರುಬಾಯಿ. ಇದೂ ನಾನು ಕಂಡದ್ದು.